ಕಡಲು ನನಗೇನಾಗಬೇಕು

ಮದುವೆಯಾಗಿ ಈ ಊರಿಗೆ ಬಂದ ಮಾರನೆಯ ಬೆಳಿಗ್ಗೆ ನಾನು ಹಿತ್ತಿಲಲ್ಲಿ ನಿಂತು, ಉಪ್ಪಿನ ಗಿಡ ಯಾವುದು ಅಂತ ಕೇಳಿಬಿಟ್ಟೆ. ನಗಬೇಡಿ. ನಮ್ಮ ಬಯಲಿನ ಊರಲ್ಲಿ ಜೋಳ ಹೊಲದಿಂದ ಬರುತ್ತಿತ್ತು, ಬೆಲ್ಲ ಗಾಣದಿಂದ ಬರುತ್ತಿತ್ತು, ಉಪ್ಪು ಬೊಮ್ಮಯ್ಯನ ಗಾಡಿಯಿಂದ ಬರುತ್ತಿತ್ತು. ಗಾಡಿಗೆ ಬರುವ ಮೊದಲು ಅದು ಎಲ್ಲಿತ್ತು ಅಂತ ನಾವು ಯಾರೂ ವಿಚಾರಿಸಿದವರಲ್ಲ. ಬೊಮ್ಮಯ್ಯ ಬಂದರೆ ಸೇರು ಹಿಡಿದುಕೊಂಡು ಓಡುವುದು, ಅಳೆಸಿಕೊಂಡು ಬರುವುದು, ಇಷ್ಟೇ. ಹಾಗೆ ಓಡಿ ಓಡಿ ಕೊನೆಗೆ ಆ ಬೊಮ್ಮಯ್ಯನನ್ನೇ ಮದುವೆಯಾದೆ. ನನ್ನ ಹೆಸರು ಫಕೀರವ್ವ. ಈ ಊರಿನವರ ನಾಲಿಗೆಗೆ ಅದು ಉದ್ದವಾಗಿ, ಮೊದಲ ದಿನವೇ ಕತ್ತರಿಸಿ ಪಕ್ಕಿ ಮಾಡಿಟ್ಟರು.

ಉಪ್ಪಿನ ಗಿಡದ ಮಾತು ಕೇಳಿ ಅತ್ತೆ ಬೀರಮ್ಮ ನಗಲಿಲ್ಲ. ಕೈ ಹಿಡಿದುಕೊಂಡು, "ಬಾ, ಗಿಡ ತೋರಿಸ್ತೆ" ಅಂತ ಕರೆದುಕೊಂಡು ಹೋದರು. ಮನೆಯ ಹಿಂದೆ ಒಂದು ಮಣ್ಣಿನ ಕಟ್ಟೆ. ಕಟ್ಟೆಯ ಈಚೆ ಆಗರ, ಅಂದರೆ ಉಪ್ಪಿನ ಗದ್ದೆ; ಅಂಗಳದ ಹಾಗೆ ನುಣ್ಣಗೆ ತುಳಿದ ಜೇಡಿನೆಲ, ಅದರಲ್ಲಿ ಚೌಕ ಚೌಕ ಪಾತಿ. ಕಟ್ಟೆಯ ಆಚೆ ಕಡಲು. ನಾನು ಅಷ್ಟು ನೀರನ್ನು ಒಂದೇ ಕಡೆ ನೋಡಿದವಳೇ ಅಲ್ಲ. ಯಾರೋ ಮರೆತು ಹೋಗಿದ್ದಾರೆ ಅಂತಲೇ ಅನ್ನಿಸಿತು. ಕಟ್ಟೆಯ ನಡುವೆ ಒಂದು ಕಂಡಿ, ಕಂಡಿಗೆ ಮರದ ಹಲಗೆಯ ಬಾಗಿಲು. ಅತ್ತೆ ಹಲಗೆ ಎತ್ತಿ ಹಿಡಿದು, ಪಕ್ಕದ ಮನೆಯವರನ್ನು ಕೂಗುವ ಹಾಗೆ, "ಅತ್ತಿಗೇ... ಬಾರೇ, ಒಳಗೆ ಬಾ" ಅಂದರು.

ಕಡಲು ಬಂತು. ನುಗ್ಗಿಕೊಂಡೇನೂ ಬರಲಿಲ್ಲ. ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬರುವ ನೆಂಟರ ಹಾಗೆ ಒಂದು ಗಳಿಗೆ ತಡೆದು, ಆಮೇಲೆ ಕಾಲುವೆ ಹಿಡಿದು, ಮೂಲೆಯಲ್ಲಿ ತಿರುಗಿ, ಪಾತಿಗಳಲ್ಲಿ ಒಂದೊಂದಾಗಿ ಕೂತಿತು. ಅತ್ತೆ ಹಲಗೆ ಇಳಿಸಿದರು. "ಇನ್ನು ಬಿಸಿಲು ನೋಡ್ಕಂತದೆ. ನೀರು ಹೋತದೆ, ಉಪ್ಪು ಉಳೀತದೆ. ಗಿಡ ನೋಡ್ದ್ಯಾ?" ಅಂದರು. ನಾನು ತಲೆಯಾಡಿಸಿದೆ. ಬೇರೆ ಊರುಗಳಲ್ಲಿ ಕಡಲಿನ ಪಕ್ಕದಲ್ಲಿ ಬಾಗಿಲು ತೆಗೆದರೆ ಸಾಕು, ನೀರು ತಾನೇ ಒಳಗೆ ಬರುತ್ತದಂತೆ. ಕರೆಯದೆ ಬರುವ ಕಡಲು ಎಂಥ ಕಡಲು ಅಂತ ಈ ಊರಿನವರು ಅದನ್ನು ಕೇಳಿ ಮುಖ ಸಿಂಡರಿಸುತ್ತಾರೆ.

ಇಲ್ಲಿ ಕರೆಯಬೇಕು. ಬರೀ ಕರೆದರೆ ಸಾಲದು, ಸಂಬಂಧ ಹಿಡಿದು ಕರೆಯಬೇಕು. ಒಂದೊಂದು ಮನೆಗೆ ಕಡಲು ಒಂದೊಂದು ಆಗಬೇಕು. ಪಕ್ಕದ ಆಗರದ ಗಣಪಿಗೆ ಅವಳು ತಂಗಿ. "ತಂಗೀ" ಅನ್ನುವುದಕ್ಕೆ ಇಲ್ಲ, ಏಡಿ ಮರಿ, ಸೀಗಡಿ ಎಲ್ಲ ಸೊಂಟಕ್ಕೆ ಕಟ್ಟಿಕೊಂಡು ತವರಿಗೆ ಬಂದ ಹುಡುಗಿಯ ಹಾಗೆ ಓಡಿ ಬರುತ್ತಾಳೆ. ಊರಿನ ಕಟ್ಟೆಗಳಿಗೆಲ್ಲ ಹಿರಿಯನಾದ ಮಂಕಾಳಜ್ಜನ ಮನೆಗೆ ಅವಳು ಬೀಗಿತ್ತಿ. ಅಲ್ಲಿ ಎಲ್ಲ ಮರ್ಯಾದೆಯಿಂದ ಆಗಬೇಕು. ಅಜ್ಜನ ಹೆಂಡತಿ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ನಿಂತು, ಬನ್ನಿ ಬನ್ನಿ ಅಂತ ಮತ್ತೆ ಮತ್ತೆ ಹೇಳಿದ ಮೇಲೆಯೇ ಅವಳು ಅಯ್ಯೋ ಬೇಡ ಬೇಡ ಅನ್ನುತ್ತಾ ಒಂದೊಂದು ಗೇಣು ಒಳಗೆ ಬರುವುದು. ತೆಂಕಣ ತುದಿಯ ಒಂಟಿ ಮುದುಕ ಶಿವುವಿಗೆ ಅವಳು ದೊಡ್ಡಮ್ಮ. ಅವನು ಕರೆಯುವುದಕ್ಕೆ ಮೊದಲು ತನ್ನ ಮಂಡಿನೋವಿನ ಕಥೆಯನ್ನೆಲ್ಲ ಹೇಳಬೇಕು. ಅವಳು ಕೇಳಿಸಿಕೊಂಡೇ ಬರುತ್ತಾಳೆ, ಬಂದು ಮಂಡಿಯವರೆಗೆ ಬೆಚ್ಚಗೆ ನಿಲ್ಲುತ್ತಾಳೆ.

ಕರೆಯುವುದು ಮನೆಯಲ್ಲಿ ಒಲೆ ಹಚ್ಚುವವರ ಕೆಲಸ. ದೋಣಿಗೆ ಹೋಗುವ ಗಂಡಸರ ಕರೆಗೆ ಅವಳು ಬರುವುದಿಲ್ಲ. ದಿನಾ ಮೈಮೇಲೆ ಓಡಾಡುವವನು ಬಾ ಅಂದರೆ ಯಾರಿಗೆ ಬರಬೇಕು ಅನ್ನಿಸುತ್ತದೆ? ನನ್ನ ಗಂಡ ದೋಣಿಯವನು. ಮಳೆಗೆ ಮುಂಚಿನ ಸ್ವಲ್ಪ ದಿನ ಗಾಡಿ ಕಟ್ಟಿ ಉಪ್ಪು ಮಾರಿಕೊಂಡು ಬಯಲಿಗೆ ಬರುತ್ತಿದ್ದ, ಅಷ್ಟೇ. ಹಾಗಾಗಿ ನಮ್ಮ ಮನೆಯ ಕರೆ ಅತ್ತೆಯದು. ಅವರ ಗಂಟಲೋ, ಈಚೆ ದಿಬ್ಬದಲ್ಲಿ ಕೂಗಿದರೆ ಆಚೆ ದಿಬ್ಬದ ಎಮ್ಮೆ ತಿರುಗಿ ನೋಡುವಂಥದ್ದು. ಊರಿನ ಅರ್ಧ ಸುದ್ದಿ ಅವರ ಬಾಯಿಂದಲೇ ಹೊರಡುತ್ತಿತ್ತು. ಇನ್ನರ್ಧಕ್ಕೆ ನಾನು ಬಂದು ಸೇರಿಕೊಂಡೆ. ಆ ಮಳೆಗಾಲವಿಡೀ ನಾವಿಬ್ಬರೂ ಒಲೆಯ ಮುಂದೆ ಕೂತು ಆಡಿದ ಮಾತಿಗೆ ಲೆಕ್ಕವಿಲ್ಲ. ಹಲಸಿನ ಬೀಜ ಸುಡುವುದು, ಮಾತಾಡುವುದು. ಪಾಪ, ಬೊಮ್ಮಯ್ಯ ಒಂದು ಮಾತು ಆಡಬೇಕೆಂದರೆ ಹಟ್ಟಿಗೆ ಹೋಗಿ ಎತ್ತಿನ ಹತ್ತಿರ ಆಡಿ ಬರುತ್ತಿದ್ದ.

ಮಳೆ ಹಿಂದಾಗುವ ಹೊತ್ತಿಗೆ ಅತ್ತೆಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಗಂಟಲನ್ನೂ ತೆಗೆದುಕೊಂಡು ಹೋಯಿತು. ಕಷಾಯ ಆಯಿತು, ಲೇಹ್ಯ ಆಯಿತು, ಕುತ್ತಿಗೆಗೆ ದಾರ ಆಯಿತು. ಪಿಸುಮಾತಿಗಿಂತ ಮೇಲೆ ಏನೂ ಏಳಲಿಲ್ಲ. ಸಿಟ್ಟು ಬಂದರೆ ಚಪ್ಪಾಳೆ ತಟ್ಟುವುದನ್ನು ಕಲಿತರು. ಒಂದು ಚಪ್ಪಾಳೆಗೆ ಪಕ್ಕಿ ಬಾ ಅಂತ. ಚಟಪಟ ತಟ್ಟಿದರೆ ಗಂಜಿ ಉಕ್ಕುತ್ತಿದೆ ಅಂತ. ದೀಪಾವಳಿ ಕಳೆದು ಊರಿನವರೆಲ್ಲ ಆಗರಕ್ಕೆ ಇಳಿದರು. ಮಳೆಗೆ ಕರಗಿದ ಕಟ್ಟೆ ಕಟ್ಟುವುದು, ನೆಲಕ್ಕೆ ಜೇಡಿ ಹಾಕಿ ಕಾಲಿನಲ್ಲಿ ತುಳಿದು ತುಳಿದು ನುಣ್ಣಗೆ ಮಾಡುವುದು. ನಾನೂ ತುಳಿದೆ, ಹಿಮ್ಮಡಿ ಒಡೆಯುವ ತನಕ ತುಳಿದೆ. ನೆಲ ಕನ್ನಡಿಯ ಹಾಗಾಯಿತು. ಅತ್ತೆ ಬಂದು ಅಂಗೈಯಿಂದ ಸವರಿ ನೋಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದು, "ಇನ್ನು ಕರೆಯೂದು ನೀನೇ" ಅಂದರು.

ಸರಿ, ಏನೆಂದು ಕರೆಯಲಿ? ಅತ್ತೆಗೆ ಅವಳು ಅತ್ತಿಗೆಯಾದರೆ ನನಗೆ ಏನಾಗಬೇಕು? ಇದು ಗೊತ್ತಾಗದೆ ನಾನು ಗಣಪಿಯನ್ನು ಕೇಳಿದ್ದೇ ತಪ್ಪಾಯಿತು. ಗಣಪಿ ನನ್ನ ವಾರಿಗೆಯವಳು, ಬಾಯಿ ನನ್ನದಕ್ಕಿಂತ ಒಂದು ಕೈ ಮೇಲೆ. ಅವಳು ಊರಿಗೇ ಸುದ್ದಿ ಮುಟ್ಟಿಸಿದಳು. ಸಂಜೆ ಹೊತ್ತಿಗೆ ಉಪ್ಪು ರಾಶಿ ಹಾಕುವ ಚಪ್ಪರದ ಕೆಳಗೆ ಸಭೆಯೇ ಸೇರಿತು. ಮಂಕಾಳಜ್ಜ ನಶ್ಯ ಏರಿಸಿಕೊಂಡು ಬೆರಳು ಮಡಿಸತೊಡಗಿದ.

"ಅತ್ತಿಗೆ ಅಂದ್ರೆ ಯಾವ ಅತ್ತಿಗೆ? ಅಣ್ಣನ ಹೆಂಡ್ತಿಯೋ, ಗಂಡನ ಅಕ್ಕನೋ?"

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಭುಜ ಕುಣಿಸಿದರು. ಅವರಿಗೆ ಅವರತ್ತೆ ಹೇಳಿಕೊಟ್ಟದ್ದು, ಅವರು ಕರೆದರು, ಅವಳು ಬಂದಳು. ಬಂದವಳನ್ನು ಹಿಡಿದು ನಿಲ್ಲಿಸಿ ನೀನು ಯಾವ ಕಡೆಯ ಅತ್ತಿಗೆ ಅಂತ ಯಾರು ಕೇಳುತ್ತಾರೆ?

"ಗಂಡನ ಅಕ್ಕ ಅಂತ ಹಿಡಿ," ಅಂದ ಅಜ್ಜ. "ಆಗ ಬೊಮ್ಮಯ್ಯಂಗೆ ಅವಳು ಅಪ್ಪನ ಅಕ್ಕ. ಅತ್ತೆ. ಪಕ್ಕಿಗೂ ಅತ್ತೆ. ಅಣ್ಣನ ಹೆಂಡ್ತಿ ಅಂತ ಹಿಡಿ. ಬೊಮ್ಮಯ್ಯಂಗೆ ಸೋದರಮಾವನ ಹೆಂಡ್ತಿ. ಆಗ್ಲೂ ಅತ್ತೆ. ಹ್ಯಾಂಗೆ ತಿರುಗಿದ್ರೂ ಅತ್ತೆ!"

"ಒಂದು ಅತ್ತೆಗೇ ಸಾಕಾಗದೆ, ಮತ್ತೊಂದಾ ಮಾರಾಯ್ತಿ ನಿಂಗೆ!" ಅಂದಳು ಗಣಪಿ. ಬೀರಮ್ಮ ಚಟಪಟ ಚಪ್ಪಾಳೆ ತಟ್ಟಿದರು.

ಮರುದಿನದ ಉಬ್ಬರಕ್ಕೆ ನಾನು ತಲೆಗೆ ಎಣ್ಣೆ ಹಾಕಿ, ಸೆರಗು ಹೊದ್ದು, ಹಲಗೆ ಎತ್ತಿ, ನಮ್ಮ ಕಡೆ ಅತ್ತೆಯನ್ನು ಹೇಗೆ ಕರೆಯುತ್ತೇವೋ ಹಾಗೆಯೇ ಕರೆದೆ. "ಅತ್ತೀ, ಒಳಗ ಬರ್ರೀ."

ಕಡಲು ಬಾಗಿಲ ತನಕ ಬಂತು. ನೊರೆ ಮುಂದೆ ಮಾಡಿ ನನ್ನನ್ನು ನೋಡಿತು. ತಿರುಗಿಕೊಂಡು ಹೋಯಿತು.

"ರೀ ಹಾಕಿದ್ಯಲ್ಲೇ, ಅದ್ಕೇ!" ಅಂದಳು ಪಕ್ಕದ ಕಟ್ಟೆಯಿಂದ ಗಣಪಿ. "ಅವಳಿಗೆ ಈವರೆಗೆ ಯಾರೂ ರೀ ಹಾಕಿದ್ದಿಲ್ಲ. ತನ್ನ ಬೆನ್ನ ಹಿಂದೆ ಯಾರೋ ಸಾಹೇಬ್ರು ಬಂದು ನಿಂತವ್ರೆ ಅಂತ ಹೆದ್ರಿ ಓಡಿತು ಪಾಪ."

ರೀ ತೆಗೆದು ಕರೆದೆ. ಬರಲಿಲ್ಲ. ದೊಡ್ಡತ್ತೆ ಅಂದೆ, ಸಣ್ಣತ್ತೆ ಅಂದೆ. ಬರಲಿಲ್ಲ. ವಯಸ್ಸಿಗೆ ಮರ್ಯಾದೆ ಕೊಟ್ಟು ನೋಡು ಅಂತ ಮಂಕಾಳಜ್ಜನ ಹೆಂಡತಿ ಹೇಳಿಕೊಟ್ಟದ್ದಕ್ಕೆ ಒಂದು ದಿನ ಅಜ್ಜೀ ಅಂದೆ. ಕಡಲು ಒಂದು ಹರಿದ ಚಪ್ಪಲಿಯನ್ನು ತಂದು ನನ್ನ ಕಾಲಬುಡಕ್ಕೆ ಎಸೆದು ಹೋಯಿತು. "ಅಜ್ಜಿ ಅಂದ್ರೆ ಯಾವ ಹೆಂಗಸಿಗೆ ಸಿಟ್ಟು ಬರೂದಿಲ್ಲ?" ಅಂತ ಶಿವು ನನ್ನನ್ನೇ ಬೈದ. ಹೆದರಿಕೊಂಡು ಮರುದಿನ ಮಗಳೇ ಅಂದೆ. ಎರಡು ಏಡಿ ಬಂದವು, ಅಂಗಳ ನೋಡಿಕೊಂಡು ವಾಪಸಾದವು. ನಾದಿನಿ, ಓರಗಿತ್ತಿ, ಸೊಸೆ, ಚಿಕ್ಕಮ್ಮ, ನನಗೆ ಗೊತ್ತಿದ್ದ ನೆಂಟಸ್ತಿಕೆಯೆಲ್ಲ ಮುಗಿದು ಹೋಯಿತು. ನನ್ನ ತವರಿನ ಕಡೆಯಿಂದ ಒಂದಷ್ಟು ತರಿಸಿಕೊಂಡೆ. ಯವ್ವ ಅಂದೆ, ಕಾಕಿ ಅಂದೆ, ಅವಳಿಗೆ ಅರ್ಥವಾಯಿತೋ ಇಲ್ಲವೋ, ದೂರದಲ್ಲಿ ಒಮ್ಮೆ ಆಕಳಿಸಿದಳು.

ಇಷ್ಟು ಹೊತ್ತಿಗೆ ಸುತ್ತಲಿನ ಆಗರಗಳೆಲ್ಲ ತುಂಬಿದವು. ಗಣಪಿಯ ಪಾತಿಗಳ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿತು. ಪೊರೆ ಹರಳಾಯಿತು, ಹರಳು ಬೆಳ್ಳಗೆ ರಾಶಿಯಾಯಿತು. ನಡುವೆ ನಮ್ಮದೊಂದು ಗದ್ದೆ ಮಾತ್ರ ಬೋಳು. ನೀರು ಕಾಣದ ಜೇಡಿನೆಲ ಬಿಸಿಲಿಗೆ ಒಡೆಯತೊಡಗಿತು. ಮೊದಲು ಕೂದಲೆಳೆಯಷ್ಟು ಬಿರುಕು, ಆಮೇಲೆ ಬೆರಳು ಹೋಗುವಷ್ಟು. ಅತ್ತೆ ದಿನಾ ಬೆಳಿಗ್ಗೆ ಬಂದು ಆ ಬಿರುಕುಗಳಲ್ಲಿ ಬೆರಳಿಟ್ಟು ಕೂತುಕೊಳ್ಳುತ್ತಿದ್ದರು. ಚಪ್ಪಾಳೆ ತಟ್ಟುವುದನ್ನೂ ಬಿಟ್ಟಿದ್ದರು. ನನಗೆ ಅದೇ ಹೆಚ್ಚು ಹೆದರಿಕೆಯಾಗಿದ್ದು.

ಯಾಕೆಂದರೆ ಊರಿನ ಪದ್ಧತಿ ಹೀಗಿತ್ತು: ಹೋಳಿ ಹುಣ್ಣಿಮೆಯ ಉಬ್ಬರದೊಳಗೆ ಕಡಲು ಬಾರದ ಗದ್ದೆಯ ಕಟ್ಟೆ ಒಡೆದು ಪಕ್ಕದ ಗದ್ದೆಗೆ ಸೇರಿಸಿಬಿಡುವುದು. ನೆಲ ಖಾಲಿ ಬಿಟ್ಟರೆ ಕಡಲಿಗೆ ಅವಮಾನವಂತೆ. ಗದ್ದೆ ಹೋದ ಮನೆ ಊಟಕ್ಕೆ ಉಪ್ಪು ಕೇಳಿ ತರಬೇಕು. ಈ ಊರಿನಲ್ಲಿ ಏನನ್ನಾದರೂ ಕೇಳಿ ತರಬಹುದು, ಬೆಂಕಿ ಕೇಳಬಹುದು, ಬೀಜದ ಹುಂಜ ಕೇಳಬಹುದು. ಉಪ್ಪು ಕೇಳಿದರೆ ಮಾತ್ರ ಕೊಡುವವರೂ ತಲೆ ತಗ್ಗಿಸುತ್ತಾರೆ, ಇಸಿದುಕೊಳ್ಳುವವರೂ ತಲೆ ತಗ್ಗಿಸುತ್ತಾರೆ. ಬೀರಮ್ಮ ಮದುಮಗಳಾಗಿ ಬಂದು ತುಳಿದ ನೆಲ, ಅವರತ್ತೆ ತುಳಿದ ನೆಲ, ಬಯಲಿನಿಂದ ಬಂದ ಪಕ್ಕಿಯ ಕಾಲಕ್ಕೆ ಗಣಪಿಯ ಪಾಲಾಗುತ್ತದೆ. ಗಣಪಿಗೂ ಅದು ಬೇಕಾಗಿರಲಿಲ್ಲ. "ಇರೂ ಗದ್ದೆ ಬಾಚೂಕೇ ನನ್ನ ಸೊಂಟ ಇಲ್ಲ. ನೀನು ಹ್ಯಾಂಗಾದ್ರೂ ಮಾಡಿ ಅವಳ್ನ ಕರಿಯೇ, ನಿನ್ನ ಕಾಲಿಗೆ ಬೀಳ್ತೆ" ಅನ್ನುತ್ತಿದ್ದಳು.

ಗಂಡನಿಗೆ ಹೇಳಿದೆ. ಬೊಮ್ಮಯ್ಯ ಒಳ್ಳೆಯವನು, ಮಾತು ಕಡಿಮೆ. ತಲೆ ಕೆರೆದುಕೊಂಡು, "ಅವಳು ಬತ್ತಾಳೆ. ಅವಳ ಸ್ವಭಾವ ನಂಗೆ ಗೊತ್ತಲ್ಲ. ಸ್ವಲ್ಪ ಬಿಗುಮಾನ, ಅಷ್ಟೇ. ಒಳಗೆ ಏನೂ ಇಲ್ಲ" ಅಂದ. ಇನ್ನೊಬ್ಬಳ ಸ್ವಭಾವವನ್ನು ಅಷ್ಟು ಅಕ್ಕರೆಯಿಂದ ಹೇಳಿದ್ದು ಕೇಳಿ ನನಗೆ ಎಲ್ಲೋ ಸ್ವಲ್ಪ ಚುರುಕ್ ಅಂದದ್ದು ನಿಜ. ಆದರೆ ಕಡಲಿನ ಮೇಲೆ ಹೊಟ್ಟೆಕಿಚ್ಚು ಪಡುವವಳನ್ನು ಯಾರಾದರೂ ಕಂಡಿದ್ದೀರಾ ಅಂತ ನನಗೆ ನಾನೇ ಹೇಳಿಕೊಂಡೆ.

ಹೋಳಿ ಹುಣ್ಣಿಮೆ ಬಂತು. ಮಧ್ಯಾಹ್ನದ ಉಬ್ಬರ. ಮಂಕಾಳಜ್ಜ ಮತ್ತೆ ಇಬ್ಬರು ಹಿರಿಯರು ಗುದ್ದಲಿ ಹಿಡಿದು ನಮ್ಮ ಕಟ್ಟೆಗೆ ಬಂದರು. ಅವರ ಮುಖದಲ್ಲೂ ಖುಷಿ ಇರಲಿಲ್ಲ. ಅಜ್ಜ ಗುದ್ದಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ, ಬೀರಮ್ಮನಿಗೆ ಕಾಣಬಾರದು ಅಂತ. ಆಳೆತ್ತರದ ಹಿಡಿಯ ಗುದ್ದಲಿ, ತಲೆಯ ಮೇಲೆ ಎದ್ದು ಕಾಣುತ್ತಿತ್ತು. ಊರಿನವರೆಲ್ಲ ತಮ್ಮ ತಮ್ಮ ಕಟ್ಟೆಗಳ ಮೇಲೆ ನಿಂತಿದ್ದರು. ಗಣಪಿ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಅತ್ತೆ ಬಿರುಕು ಬಿಟ್ಟ ಗದ್ದೆಯ ನಡುವೆ ಒಂದು ಮಣೆ ಹಾಕಿಕೊಂಡು ಕೂತುಬಿಟ್ಟಿದ್ದರು.

"ಕರಿ ಮಗಾ," ಅಂದ ಅಜ್ಜ. "ಕಡೇ ಸಲ ಕರಿ."

ಕರೆದೆ. ಅತ್ತೆ ಅಂದೆ, ಅತ್ತಿಗೆ ಅಂದೆ, ಮೊದಲಿನಿಂದ ಎಲ್ಲವನ್ನೂ ಇನ್ನೊಮ್ಮೆ ಅಂದೆ. ಉಬ್ಬರ ಕಟ್ಟೆಯ ಎದೆಯ ತನಕ ಏರಿ ನಿಂತಿತ್ತು. ಹಲಗೆ ಎತ್ತಿದ್ದೇನೆ, ಬಾಗಿಲು ಹಾರು ಹೊಡೆದಿದೆ. ಅವಳು ಹೊಸ್ತಿಲ ಆಚೆ ಗಾಜಿನ ಗೋಡೆಯ ಹಾಗೆ ನಿಂತಿದ್ದಾಳೆ, ಒಂದು ಹನಿ ಈಚೆ ಬರುತ್ತಿಲ್ಲ. ನನ್ನ ಕೈ ಸೋತು ಹಲಗೆ ಕೆಳಗೆ ಬಿತ್ತು.

ಆಗಲೇ ಬೊಮ್ಮಯ್ಯನ ದೋಣಿ ದಡಕ್ಕೆ ಬಂತು. ವಾರ ಆಗಿತ್ತು ಹೋಗಿ. ಕಟ್ಟೆಯ ಮೇಲೆ ಊರೇ ನಿಂತಿದೆ, ಹಿರಿಯರು ಗುದ್ದಲಿ ಹಿಡಿದಿದ್ದಾರೆ, ತಾಯಿ ಗದ್ದೆಯಲ್ಲಿ ಕೂತಿದ್ದಾಳೆ, ಹೆಂಡತಿ ಅಳುವುದೊಂದು ಬಾಕಿ. ಈ ಮಹಾರಾಯ ದೋಣಿಯಿಂದ ಇಳಿದವನು ನಮ್ಮ ಕಡೆ ನೋಡಿದನೇ? ಇಲ್ಲ. ಬಗ್ಗಿ ಎರಡೂ ಕೈ ತುಂಬ ಅವಳನ್ನು ತುಂಬಿಕೊಂಡ. ಕಣ್ಣಿಗೆ ಒತ್ತಿಕೊಂಡ. ಹಣೆಗೆ, ಕೆನ್ನೆಗೆ ಹಚ್ಚಿಕೊಂಡ. ಏನೋ ಪಿಸುಗುಟ್ಟಿದ. ನಕ್ಕ. ಅವಳು ಅವನ ಕಾಲು ಸುತ್ತ ಬೆಕ್ಕಿನ ಮರಿಯ ಹಾಗೆ ಸುತ್ತಿಕೊಂಡು ಕುಣಿದಳು. ಇದೇ ಅವಳು! ನಾನು ಗಂಟಲು ಹರಿದುಕೊಂಡು ಕರೆದರೆ ಗಾಜಿನ ಗೋಡೆಯಾಗಿ ನಿಂತವಳು!

ನನ್ನ ತಲೆಯಲ್ಲಿ ಏನಾಯಿತೋ ಗೊತ್ತಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಈ ಊರಿನಲ್ಲಿ ಕಲಿತ ನಯದ ಮಾತೆಲ್ಲ ಹಾರಿಹೋಗಿ, ನಮ್ಮೂರ ಬಾವಿಕಟ್ಟೆಯ ಮಾತು ಹೊಟ್ಟೆಯಿಂದ ಎದ್ದು ಬಂತು.

"ಏ ನನ್ನ ಸವತಿ! ಎಷ್ಟರೆ ಸೊಕ್ಕ ನಿನಗ! ನನ್ನ ಗಂಡನ್ನ ವಾರಗಟ್ಲೆ ಮಡಿಲಾಗ ಇಟ್ಕೊಂಡು ಕುಂದರ್ತಿ, ನಾ ಏನರೆ ಅಂದೇನ? ಮೈ ತುಂಬ ನಿನ್ನ ವಾಸನಿ ಹಚ್ಕೊಂಡ ಬರ್ತಾರ, ತೊಳದು ಮಲಗಸ್ತೀನಿ, ಏನರೆ ಅಂದೇನ? ಹಂಗ ಇದ್ದಾಕಿ ನನ್ನ ಮನಿಗೆ ಬಾ ಅಂದ್ರ ಮಾರಿ ತಿರುವ್ತಿಯಲ್ಲ! ಸುಖಕ್ಕ ನೀ, ಗೇಯಾಕ ನಾ? ಬರೂದಿದ್ರ ಈಗ ಬಾ. ಇಲ್ಲಂದ್ರ ಅವರನ್ನೂ ನೀನ ಇಟ್ಕೋ, ನಾ ತವರಿಗಿ ನಡದೆ!"

ಕಟ್ಟೆಗಳ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಮ್ಮ ಕಡೆ ಸವತಿ ಅನ್ನುವುದು ಬಾಯಿಗೆ ಬರುವ ಬೈಗುಳ. ಎಮ್ಮೆ ಒದ್ದರೂ ಸವತಿ ಅನ್ನುತ್ತೇವೆ, ರೊಟ್ಟಿ ಸೀದರೂ ಸವತಿ ಅನ್ನುತ್ತೇವೆ. ಆದರೆ ಇಲ್ಲಿನವರ ಕಿವಿಗೆ ಅದು ನೆಂಟಸ್ತಿಕೆಯಾಗಿಯೇ ಬಿತ್ತು. ಅವಳ ಕಿವಿಗೂ.

ಬಂದಳು ನೋಡಿ. ಹಲಗೆ ಎತ್ತುವುದಕ್ಕೂ ಕಾಯಲಿಲ್ಲ; ಹಲಗೆಯೇ ಹಾರಿ ಹೋಗಿ ಗಣಪಿಯ ಕಟ್ಟೆಯ ಮೇಲೆ ಬಿತ್ತು. ಕಂಡಿಯ ತುಂಬ ನೀರು, ಕಾಲುವೆಯ ತುಂಬ ನೀರು. ಬಿರುಕುಗಳೆಲ್ಲ ಗಟಗಟ ಕುಡಿದು ಮುಚ್ಚಿಕೊಂಡವು. ಮಂಕಾಳಜ್ಜ ಮಂಡಿಯವರೆಗೆ ಒದ್ದೆ, ಅವನ ಗುದ್ದಲಿ ಕೈಬಿಟ್ಟು ತೇಲಿಕೊಂಡು ಹೋಯಿತು. ಅತ್ತೆಯನ್ನು ಮಣೆಯ ಸಮೇತ ಎತ್ತಿ ಒಂದು ಸುತ್ತು ತಿರುಗಿಸಿ, ಮೆತ್ತಗೆ ಕಟ್ಟೆಯ ಬದಿಗೆ ತಂದು ಕೂರಿಸಿದಳು. ಕೊನೆಗೆ ಎಲ್ಲ ಪಾತಿಗಳೂ ತುಂಬಿ ನಿಂತ ಮೇಲೆ, ನನ್ನ ಹತ್ತಿರ ಬಂದು, ಸೀರೆಯ ನಿರಿಗೆ ಹಿಡಿದು ಒಮ್ಮೆ ಜೋರಾಗಿ ಎಳೆದು ಹೋದಳು. ಬಿದ್ದೆ. ಅಷ್ಟು ಮಾಡದಿದ್ದರೆ ಅವಳು ಎಂಥ ಸವತಿ?

ಮೊದಲು ನಕ್ಕದ್ದು ಗಣಪಿ. ಆಮೇಲೆ ಶಿವು. ಆಮೇಲೆ ಇಡೀ ಕಟ್ಟೆ. ಬೊಮ್ಮಯ್ಯ ನೀರಿನ ಅಂಚಿನಲ್ಲಿ ಕಿವಿಯವರೆಗೂ ಕೆಂಪಾಗಿ ನಿಂತಿದ್ದ; ಮುಂದೆ ಹೋದರೆ ನಾನು, ಹಿಂದೆ ಹೋದರೆ ಅವಳು. ಅತ್ತೆ ದನಿಯಿಲ್ಲದೆ ನಗುತ್ತಿದ್ದರು. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನನ್ನನ್ನು ಕೈ ಹಿಡಿದು ಎಬ್ಬಿಸಿ ಕಿವಿಯಲ್ಲಿ ಪಿಸುಗುಟ್ಟಿದರು: "ಅವಳು ಹಿರಿಯಳು. ನೀನು ಎರಡನೆಯವಳು. ನೆನಪಿಟ್ಕ."

"ಲೆಕ್ಕ ತಪ್ಪಿದ್ದೇ ಅಲ್ಲಿ," ಅಂದ ಮಂಕಾಳಜ್ಜ, ಪಂಚೆ ಹಿಂಡಿಕೊಳ್ಳುತ್ತಾ. "ನಾವು ಅತ್ತೆ ಕಡೆಯಿಂದ ಎಣಿಸ್ತಾ ಬಂದ್ವು. ಗಂಡನ ಕಡೆಯಿಂದ ಎಣಿಸ್ಬೇಕಿತ್ತು. ದೋಣಿ ಮನೆ ಅಲ್ದಾ!"

ಕರೆ ಒಮ್ಮೆ ಹತ್ತಿದರೆ ಮುಗಿಯಿತು, ಮತ್ತೆ ಬದಲಾಯಿಸುವ ಹಾಗಿಲ್ಲ. ನೆಂಟಸ್ತಿಕೆ ಸೀರೆಯಲ್ಲವಲ್ಲ. ಅಂದಿನಿಂದ ಪ್ರತಿ ಉಬ್ಬರಕ್ಕೂ ನಾನು ಊರ ಎದುರು ನಿಂತು ಸವತಿ ಅಂತ ಕೂಗಬೇಕಾಯಿತು. ಮೊದಮೊದಲು ನಾಚಿಕೆಯಾಗಿ ಮೆಲ್ಲಗೆ, ಮುದ್ದಾಗಿ ಕರೆದು ನೋಡಿದೆ. "ಸವತೀ, ಬಾರೇ ಚಿನ್ನ" ಅಂದರೆ ಅವಳು ಅನುಮಾನದಿಂದ ನೋಡುತ್ತಾ ನಿಂತುಬಿಡುತ್ತಿದ್ದಳು. ಜಗಳ ತೆಗೆಯಬೇಕು. ದಿನಕ್ಕೊಂದು ಜಗಳ ಎಲ್ಲಿಂದ ತರಲಿ? ಮೊದಲು ಗಂಡನದೇ ಸುದ್ದಿ ತೆಗೆದೆ. ಅವನು ಒದ್ದೆ ಬಟ್ಟೆಯನ್ನು ಹಾಸಿಗೆಯ ಮೇಲೆ ಬಿಸಾಡುವುದು, ಮೀನಿನ ಬಲೆಯನ್ನು ಅಕ್ಕಿ ಮೂಟೆಯ ಮೇಲೆ ಇಡುವುದು, ಇದೆಲ್ಲ ನೀನೇ ಕಲಿಸಿದ್ದು ಅಂತ ಬೈಯುತ್ತಿದ್ದೆ. ಅವಳು ದಬದಬ ಬಂದು ಪಾತಿ ತುಂಬುತ್ತಿದ್ದಳು. ಬರಬರುತ್ತಾ ತವರಿನ ನೆನಪು ಬಂದರೂ ಅವಳಿಗೇ ಬೈದೆ, ತಲೆನೋವು ಬಂದರೂ ಅವಳಿಗೇ ಬೈದೆ. ಬೈದು ಮುಗಿದ ಮೇಲೆ ಎಷ್ಟು ಹಗುರಾಗುತ್ತಿತ್ತೆಂದರೆ, ಮನೆಯಲ್ಲಿ ಬೈಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಬೊಮ್ಮಯ್ಯನಿಗೇ ಇದು ವಿಚಿತ್ರವಾಗಿ, ಮೈಗೆ ಹುಷಾರಿಲ್ಲವೇನೋ ಅಂತ ನನ್ನ ಹಣೆ ಮುಟ್ಟಿ ನೋಡಿದ.

ಅವನ ಪಾಡೂ ಸುಲಭವಿರಲಿಲ್ಲ. ದೋಣಿಯ ಜತೆಗಾರರು, "ಎಂತ ಬೊಮ್ಮಯ್ಯ, ಇವತ್ತು ದೊಡ್ಡವಳ ಮನೆಗೋ, ಸಣ್ಣವಳ ಮನೆಗೋ?" ಅಂತಲೇ ಮಾತು ಶುರು ಮಾಡುತ್ತಿದ್ದರು. ಯುಗಾದಿಗೆ ನನಗೊಂದು ಹಸಿರು ಸೀರೆ ತಂದ. ಗಣಪಿ ಕಟ್ಟೆಯ ಮೇಲಿಂದ ಸೀರೆ ನೋಡಿ, "ಒಂದೇಯಾ?" ಅಂದಳು. ಅಷ್ಟೇ ಅಂದದ್ದು. ಅಂದಿನ ಉಬ್ಬರಕ್ಕೆ ನಾನು ಏನು ಬೈದರೂ ಅವಳು ಬರಲಿಲ್ಲ. ಬೊಮ್ಮಯ್ಯ ಮತ್ತೆ ಅಂಗಡಿಗೆ ಓಡಿ, ಅದೇ ಬಣ್ಣದ, ಅದೇ ಅಂಚಿನ ಇನ್ನೊಂದು ಸೀರೆ ತಂದು ಆಳವಿದ್ದ ಕಡೆ ಬಿಟ್ಟು ಬಂದ. ಮರುದಿನ ಬೆಳಿಗ್ಗೆ ಕಡಲು ದಡದಿಂದ ಅಷ್ಟು ದೂರದವರೆಗೆ ಹಸಿರಾಗಿತ್ತು. ಅವಳಿಗೇ ಹೆಚ್ಚು ಒಪ್ಪಿತ್ತು ಅಂತ ನಾನು ಹೇಳಿದರೆ ಹೇಳಿದೆ, ಬೇರೆ ಯಾರಾದರೂ ಹೇಳಿದರೆ ಸುಮ್ಮನಿರುವವಳಲ್ಲ.

ಚೈತ್ರದ ಬಿಸಿಲು ಬಲವಾಗಿತ್ತು. ತಡವಾಗಿ ತುಂಬಿದ ಗದ್ದೆ ಬೇಗ ಕಟ್ಟಿತು. ಪಾತಿಯ ಮೂಲೆಗಳಲ್ಲಿ ಮೊದಲು ಅಕ್ಕಿಯ ನುಚ್ಚಿನಂಥ ಕಾಳು ಕಂಡಿತು. ಅದಕ್ಕೆ ಇನ್ನೊಂದು, ಇನ್ನೊಂದಕ್ಕೆ ಮತ್ತೊಂದು ಅಂಟಿಕೊಂಡು, ಕೊನೆಗೆ ನೀರೊಳಗೆ ಕಾಲಿಟ್ಟರೆ ಕರಕರ ಅನ್ನತೊಡಗಿತು. ಉದ್ದ ಹಿಡಿಯ ಹಲಗೆಯಿಂದ ಬದಿಗೆ ಎಳೆದು ರಾಶಿ ಮಾಡುವುದನ್ನು ಅತ್ತೆ ಕೈಮೇಲೆ ಕೈಯಿಟ್ಟು ಕಲಿಸಿದರು. ಮೆಲ್ಲಗೆ ಎಳೆಯಬೇಕು, ತಲೆ ಬಾಚುವ ಹಾಗೆ. ಒತ್ತಿದರೆ ಜೇಡಿ ಎದ್ದು ಉಪ್ಪು ಕಪ್ಪಾಗುತ್ತದೆ. ಮೊದಲ ರಾಶಿ ನನ್ನ ಸೊಂಟದೆತ್ತರ ಆಯಿತು. ಹೊಸ ಕರೆಯ ಮೊದಲ ಉಪ್ಪನ್ನು ಹಿರಿಯರು ಗಂಜಿಗೆ ಹಾಕಿಕೊಂಡು ರುಚಿ ನೋಡಿ, ಉಪ್ಪೇ ಹೌದು ಅಂತ ಹೇಳಬೇಕು. ಆಮೇಲೆಯೇ ಗದ್ದೆ ಆ ಮನೆಗೆ ಗಟ್ಟಿ. ಕುಚ್ಚಲಕ್ಕಿ ಗಂಜಿ ಮಾಡಿ, ಸುಟ್ಟ ಬಂಗಡೆಯ ಜತೆ ಚಪ್ಪರದ ಕೆಳಗೆ ಬಡಿಸಿದೆ. ಮಂಕಾಳಜ್ಜ ಒಂದು ಚಿಟಿಕೆ ಉಪ್ಪು ಕದಡಿಕೊಂಡು ಸೊರ್ರನೆ ಕುಡಿದ. ಅವನ ಕಣ್ಣು ಅಗಲವಾಯಿತು. ಕೆಮ್ಮಿದ. ನಾನು ನೀರಿನ ಚೊಂಬು ಹಿಡಿದು ಓಡಿದೆ.

"ಎಂತ ಅಜ್ಜ, ಉಪ್ಪಲ್ವಾ?" ಅಂದಳು ಗಣಪಿ.

"ಉಪ್ಪೇ ಸೈ," ಅಂದ ಅಜ್ಜ, ಕಣ್ಣೊರೆಸಿಕೊಂಡು. "ಸ್ವಲ್ಪ ಬಾಯಿ ಜೋರು. ಹಾಕುವಾಗ ಕೈ ಹಿಡಿದು ಹಾಕ್ಬೇಕು. ಗದ್ದೆ ಬೀರಮ್ಮನ ಸೊಸೇದೇ. ಇನ್ನಷ್ಟು ಗಂಜಿ ಬಡಿಸು."

ಬೀರಮ್ಮ ಒಂದೇ ಒಂದು ಚಪ್ಪಾಳೆ ತಟ್ಟಿದರು. ಪಕ್ಕಿ ಬಾ ಅಂತ. ಹೋದೆ. ನನ್ನ ಒಡೆದ ಹಿಮ್ಮಡಿಯನ್ನು ಮಡಿಲಿಗೆ ಎಳೆದುಕೊಂಡು ಎಣ್ಣೆ ತಿಕ್ಕತೊಡಗಿದರು, ಊರ ಎದುರೇ.

ಆ ಸಂಜೆ ಬೊಮ್ಮಯ್ಯ ದೋಣಿಯಿಂದ ಬಂದು ಊಟಕ್ಕೆ ಕೂತ. ಹಿತ್ತಿಲ ಬಾಗಿಲು ತೆರೆದೇ ಇತ್ತು. ಕಟ್ಟೆಯ ಆಚೆ ಅವಳು ಸಣ್ಣಗೆ ಗೊಣಗುತ್ತಿದ್ದಳು. ಮಾವಿನಮಿಡಿಯ ಸಾರು ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟ, ನುಂಗಿದ, ನೀರು ಕುಡಿದ.

"ಉಪ್ಪು ಒಂಚೂರು ಜಾಸ್ತಿ ಆಯ್ತೇನೋ," ಅಂದ ನನ್ನ ಕಡೆ ನೋಡದೆ.

"ನನ್ನ ಯಾಕ ಕೇಳ್ತೀರಿ? ಕೊಟ್ಟಾಕಿನ್ನ ಕೇಳ್ರಿ," ಅಂದು ನಾನು ಸೌಟಿನಿಂದ ಹಿತ್ತಿಲ ಕಡೆ ತೋರಿಸಿದೆ.

ಕಟ್ಟೆಯ ಆಚೆ ಗೊಣಗಾಟ ಥಟ್ಟನೆ ನಿಂತಿತು. ಉಬ್ಬರದ ಹೊತ್ತೂ ಅಲ್ಲ, ಏನೂ ಅಲ್ಲ, ಅವಳು ಹಲಗೆಗೆ ಒಮ್ಮೆ ದಡಕ್ಕನೆ ಬಡಿದಳು. ನಾನು ಸೌಟು ಹಿಡಿದು ನಿಂತೇ ಇದ್ದೆ. ಒಳಗಿನ ಕೋಣೆಯಲ್ಲಿ ಅತ್ತೆಯ ಮಂಚ ನಗುವಿಗೆ ಕಿರಕಿರ ಅಂದಿತು. ಬೊಮ್ಮಯ್ಯ ಹಿತ್ತಿಲ ಕಡೆ ನೋಡಿದ, ನನ್ನ ಕಡೆ ನೋಡಿದ. ತಟ್ಟೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ದೊಡ್ಡ ತುತ್ತು ಕಲಸಿ, ಅಂಗಳದಾಚೆಗೂ ಕೇಳುವಷ್ಟು ಗಟ್ಟಿ ದನಿಯಲ್ಲಿ ಹೇಳಿದ:

"ಸಮಾ ಅದೆ!"